ಎರಡು ಸಲ ಉಪ್ಪು ಬಿದ್ದ ದಿನ

ಹಿಟ್ಟು ಉಬ್ಬಿಲ್ಲ.

ತೊಟ್ಟಿಯ ಮೇಲೆ ಹೊದಿಸಿದ್ದ ಒದ್ದೆ ಬಟ್ಟೆಯನ್ನು ಎತ್ತಿ ನೋಡುವ ಬ್ರೆಡ್ಡಕ್ಕನ ಹುಬ್ಬು ಗಂಟಾಗುತ್ತದೆ. ಇಷ್ಟು ಹೊತ್ತಿಗೆ ಅದು ತೊಟ್ಟಿಯ ಅಂಚಿಗೆ ಏರಿ, ಬೆರಳಿಟ್ಟರೆ ಮೆತ್ತಗೆ ಒಳಗಿಳಿಯಬೇಕಿತ್ತು. ಈಗ ತಳದಲ್ಲೇ ಮುಖ ಬಿಗಿದುಕೊಂಡು ಕೂತಿದೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಇಟ್ಟಿಗೆ ಒಲೆಯ ಬಾಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿದೆ. ಎಣ್ಣೆ ಸವರಿದ ಟಿನ್ನುಗಳು ಗೋಡೆಯುದ್ದಕ್ಕೂ ಬಾಯಿ ತೆರೆದುಕೊಂಡು ಕಾಯುತ್ತಿವೆ. ಏಪ್ರನ್ ಕಟ್ಟಿಕೊಂಡ ನಾಲ್ವರು ಗಂಡಸರು ಕೈ ತೊಳೆದು, ಶಾಲೆಯ ಮಕ್ಕಳ ಹಾಗೆ ಉಗುರು ತೋರಿಸಿ, ಬ್ರೆಡ್ಡಕ್ಕನ ಮುಖವನ್ನೇ ನೋಡುತ್ತ ನಿಂತಿದ್ದಾರೆ. ಕಿಟಕಿಗೆ ದಪ್ಪ ಸರಳು. ಬಾಗಿಲಿಗೆ ಹೊರಗಿನಿಂದ ಬೀಗ. ಈ ನಾಲ್ವರೂ ಒಂದೊಂದು ಜೀವ ತೆಗೆದವರು.

ಬ್ರೆಡ್ಡಕ್ಕ ಹಸಿ ಹಿಟ್ಟನ್ನು ಚೂರು ಕಿತ್ತು ನಾಲಿಗೆಗೆ ಹಚ್ಚಿಕೊಳ್ಳುತ್ತಾರೆ. ತಕ್ಷಣ ಮೋರಿಗೆ ಉಗಿಯುತ್ತಾರೆ. ಉಪ್ಪು ಹೆಚ್ಚಾದರೆ ಹಿಟ್ಟು ಹೀಗೇ ಮುನಿಸಿಕೊಳ್ಳುತ್ತದೆ, ಏಳುವುದಿಲ್ಲ.

"ಉಪ್ಪು ಯಾರದ್ದು ಇವತ್ತು?"

ನಲವತ್ತರ ಆಸುಪಾಸಿನ, ತೆಳ್ಳಗಿನ ಒಬ್ಬರು ಕೈ ಎತ್ತುತ್ತಾರೆ. ಹಿಂದೆ ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು. ಇಡೀ ವಾರ್ಡಿಗೆ ಅವರು ಗಡಿಯಾರಪ್ಪ. ಎಷ್ಟು ಸಲ ಹಾಕಿದೆ ಎಂದು ಕೇಳಿದರೆ ಎರಡು ಸಲ ಎನ್ನುತ್ತಾರೆ. ಆಗ ಬ್ರೆಡ್ಡಕ್ಕ, ಈ ಬೇಕರಿಯಲ್ಲಿ ಏನೇ ಕೆಟ್ಟರೂ ತಾವು ಕೇಳುವ ಆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ.

"ಗೊತ್ತಿದ್ದು ಮಾಡಿದ್ಯೋ, ಗೊತ್ತಿಲ್ದೆ ಆಯ್ತೋ?"

ಗಡಿಯಾರಪ್ಪ ತಲೆ ಎತ್ತಿ, "ಗೊತ್ತಿದ್ದೇ ಮಾಡ್ದೆ ಅಕ್ಕ," ಎನ್ನುತ್ತಾರೆ.

ಬೇರೆ ದಿನವಾಗಿದ್ದರೆ ಸೂರು ಕಿತ್ತುಹೋಗುವ ಹಾಗೆ ಬೈಗುಳ ಬೀಳುತ್ತಿತ್ತು. ಇವತ್ತು ಬ್ರೆಡ್ಡಕ್ಕ ಸೊಂಟಕ್ಕೆ ಕೈ ಇಟ್ಟುಕೊಂಡು, ಹೊಟ್ಟೆ ಕುಲುಕುವ ಹಾಗೆ ನಗುತ್ತಾರೆ. ಮಿಕ್ಕ ಮೂವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಇದು ಮಾನಸಿಕ ಆಸ್ಪತ್ರೆಯ ಹಿಂಭಾಗದ ಬೀಗದ ವಾರ್ಡು. ಅಪರಾಧ ನಡೆದಿದೆ, ಮಾಡಿದ್ದು ಇವರೇ, ಆದರೆ ಆ ಹೊತ್ತಿನಲ್ಲಿ ಬುದ್ಧಿ ಇವರ ಸ್ವಾಧೀನದಲ್ಲಿರಲಿಲ್ಲ ಎಂದು ಕೋರ್ಟು ಹೇಳಿದವರನ್ನು ಇಲ್ಲಿಗೆ ಕಳಿಸುತ್ತಾರೆ. ಜೈಲಿಲ್ಲ, ಗಲ್ಲಿಲ್ಲ, ವಾಸಿಯಾಗುವವರೆಗೆ ಔಷಧಿ. ಕೊಲೆ ಮಾಡಿ ಹುಚ್ಚನ ವೇಷ ಹಾಕಿದರೆ ಸಾಕು, ಆರಾಮಾಗಿ ಬಿಟ್ಟುಬಿಡುತ್ತಾರೆ ಎಂದು ಟೀ ಅಂಗಡಿಯ ಬೆಂಚಿನಲ್ಲಿ ಕೂತು ತೀರ್ಪು ಬರೆಯುವ ಮಹಾನುಭಾವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರೆಲ್ಲ ಒಂದು ಸಲ ಈ ಗೇಟು ದಾಟಿ ಒಳಗೆ ಬರಬೇಕು. ಜೈಲಿಗೆ ಹೋದವನಿಗೆ ಬಿಡುಗಡೆಯ ತಾರೀಖಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ. ವಾಸಿಯಾಗಿ ಎಷ್ಟೋ ವರ್ಷವಾದರೂ ಕರೆದುಕೊಂಡು ಹೋಗಲು ಯಾರೂ ಬಾರದೆ, ಕಪ್ಪು ತಲೆಯಲ್ಲಿ ಬಂದವರು ಬೆಳ್ಳಗಾಗಿ ಕಿಟಕಿಯ ಪಕ್ಕ ಕೂತಿದ್ದಾರೆ. ಇದನ್ನು ಆರಾಮ ಎನ್ನುವವರಿಗೆ, ಈ ಬೇಕರಿಯ ಬಗ್ಗೆ ಬರೆಯಲು ಬಂದ ನನ್ನ ಹತ್ತಿರ ಒಳ್ಳೆಯ ಮಾತಿಲ್ಲ.

ಹೊರಗೆ ಹೋಗಬೇಕಾದರೆ ಎರಡು ಆಗಬೇಕು. ಒಬ್ಬರು ನಿವೃತ್ತ ನ್ಯಾಯಾಧೀಶೆ ಮತ್ತು ಡಾಕ್ಟರು ಇರುವ ಸಮಿತಿ ಒಪ್ಪಬೇಕು. ನಮ್ಮ ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂದು ರಕ್ತಸಂಬಂಧಿಯೊಬ್ಬರು ಬಂದು ಹೇಳಬೇಕು. ಗಡಿಯಾರಪ್ಪನ ವಿಷಯ ಇವತ್ತು ಮಧ್ಯಾಹ್ನ ಸಮಿತಿಯ ಮುಂದಿದೆ. ಅವರಿಗೆ ಉಳಿದಿರುವ ಸಂಬಂಧ ಒಂದೇ, ಒಡಹುಟ್ಟಿದ ಅಕ್ಕ. ಇಷ್ಟು ವರ್ಷ ಒಂದು ಸಲವೂ ಬಾರದಿದ್ದ ಆಕೆ ಇವತ್ತು ಬರುತ್ತೇನೆಂದು ಹೇಳಿ ಕಳಿಸಿದ್ದಾರೆ. ಗಡಿಯಾರಪ್ಪ ಕೊಂದದ್ದು ಆಕೆಯ ಗಂಡನನ್ನು.

ಆ ಕಥೆ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು. ಅಕ್ಕನ ಮನೆಯ ಮುಂದಿನ ಕೋಣೆಯಲ್ಲೇ ಅವರ ಅಂಗಡಿ ಇತ್ತು. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಎಳ್ಳಿಗಿಂತ ಸಣ್ಣ ಸ್ಕ್ರೂ ತಿರುಗಿಸುತ್ತಿದ್ದ ಕೈ. ಮೊದಲು ನಿದ್ದೆ ಹೋಯಿತು. ಆಮೇಲೆ ಗೋಡೆಗೆ ನೇತುಹಾಕಿದ ಗಡಿಯಾರಗಳೆಲ್ಲ ಮಾತಾಡತೊಡಗಿದವು. ಭಾವ ಕುಡಿಯುವ ನೀರಿಗೆ ವಿಷ ಹಾಕುತ್ತಿದ್ದಾನೆ, ಇವತ್ತು ಅಕ್ಕನ ಸರದಿ, ನಾಳೆ ಮಗುವಿನದು ಎಂದು ಅವು ಹೇಳಿದವು. ಒಂದು ಮಧ್ಯಾಹ್ನ ಭಾವ ಅಕ್ಕನಿಗೆ ಲೋಟದಲ್ಲಿ ನೀರು ಕೊಡುತ್ತಿದ್ದಾಗ ಇವರು ಕಬ್ಬಿಣದ ಸರಳು ಎತ್ತಿಕೊಂಡರು. ಅಕ್ಕನನ್ನು ಉಳಿಸಿದೆ ಎಂದುಕೊಂಡೇ ಪೊಲೀಸರ ಜೀಪು ಹತ್ತಿದರು.

ಬ್ರೆಡ್ಡಕ್ಕ ಹುಟ್ಟಿದ್ದೇ ಬೇಕರಿಯ ಓಣಿಯಲ್ಲಿ. ಅಪ್ಪನ ಒಲೆಯ ಮುಂದೆ ಬೆಳೆದರು, ಇನ್ನೊಂದು ಒಲೆಯ ಮನೆಗೆ ಮದುವೆಯಾಗಿ ಹೋದರು. ಗಂಡ ತೀರಿಕೊಂಡ ಮೇಲೆ ಮೈದುನಂದಿರು, ಹೆಂಗಸು ಒಲೆ ನಡೆಸುವುದೆಂದರೇನು ಎಂದು ಬಾಗಿಲು ತೋರಿಸಿದರು. ಆಸ್ಪತ್ರೆಯ ಅಡುಗೆಮನೆಗೆ ತರಕಾರಿ ಹೆಚ್ಚಲು ಬಂದು ಸೇರಿದರು. ಇಲ್ಲಿಗೆ ಬ್ರೆಡ್ಡು ಹೊರಗಿನಿಂದ ಬರುತ್ತಿತ್ತು. ನಿನ್ನೆಯದು ಮೊನ್ನೆಯದು ಬರುತ್ತಿತ್ತು, ಎಸೆದರೆ ಗೋಡೆಗೆ ಬಡಿದು ವಾಪಸು ಬರುವಂಥದು. ಒಂದು ದಿನ ಬೀಗದ ವಾರ್ಡಿನ ಪಕ್ಕದ ಕೊಠಡಿಯಲ್ಲಿ ಮುರಿದ ಮಂಚಗಳ ಹಿಂದೆ ಅವರಿಗೊಂದು ಹಳೆಯ ಒಲೆ ಕಂಡಿತು. "ಒಳಗೆ ತಲೆ ಹಾಕಿ ನೋಡ್ದೆ. ಇಲಿ ಸಂಸಾರ ಹೂಡಿತ್ತು. ಇಟ್ಟಿಗೆ ಮಾತ್ರ ಗಟ್ಟಿ ಇತ್ತು. ಯಾರೋ ನನಗೋಸ್ಕರಾನೇ ಕಟ್ಟಿಟ್ಟ ಹಾಗಿತ್ತು ಬಿಡಿ," ಎನ್ನುತ್ತಾರೆ.

ಒಲೆ ಹೊತ್ತಿತು, ಆದರೆ ಕೈ ಸಾಲಲಿಲ್ಲ. ಹೊರಗಿನಿಂದ ಬಂದ ಕೆಲಸಗಾರರು ಗೋಡೆಯಾಚೆ ಇರುವವರು ಯಾರೆಂದು ತಿಳಿದ ಮರುದಿನವೇ ಮಾಯವಾಗುತ್ತಿದ್ದರು. ಕೊನೆಗೆ ಬ್ರೆಡ್ಡಕ್ಕ ನೇರವಾಗಿ ಡಾಕ್ಟರ ಕೋಣೆಗೆ ಹೋಗಿ, ಆಚೆ ಕಡೆ ಅಷ್ಟೊಂದು ಕೈ ಸುಮ್ಮನೆ ಕೂತಿವೆಯಲ್ಲ, ನಾಲ್ಕು ಕೊಡಿ ಎಂದರು. ಡಾಕ್ಟರು ಆ ದಿನವೇನೂ ಒಪ್ಪಲಿಲ್ಲ. ಬೆಂಕಿ, ಬಿಸಿ ತಗಡು, ಹಿಟ್ಟು ಕತ್ತರಿಸುವ ಬ್ಲೇಡು, ಜೊತೆಗೆ ಒಬ್ಬಳು ಹೆಂಗಸು. ಅವರ ಭಯ ತಪ್ಪೆಂದು ಹೇಳಲಾಗದು. ಬಹಳ ಕಾಲ ಚರ್ಚೆಯಾಗಿ ಅಪ್ಪಣೆ ಸಿಕ್ಕಿತು, ಬ್ಲೇಡು ಮಾತ್ರ ಸಿಗಲಿಲ್ಲ. ಮೊದಲ ವರ್ಷವೆಲ್ಲ ಹಿಟ್ಟನ್ನು ಕೈಯಲ್ಲೇ ಹರಿದು ಬ್ರೆಡ್ಡು ಮಾಡಿದರು. ಆಮೇಲೆ ಮೇಜಿಗೆ ಸರಪಳಿ ಕಟ್ಟಿ ಒಂದು ಬ್ಲೇಡು ಕೊಟ್ಟರು. ಈಗ ಸರಪಳಿ ಇಲ್ಲ. ಮೇಜಿನ ಅಂಚಿನಲ್ಲಿ ಸರಪಳಿಯ ಕೊಂಡಿ ಇದ್ದ ತೂತು ಉಳಿದಿದೆ. ಬಂದವರಿಗೆಲ್ಲ ಬ್ರೆಡ್ಡಕ್ಕ ಅದಕ್ಕೆ ಬೆರಳು ತೂರಿಸಿ ತೋರಿಸುತ್ತಾರೆ. ಇವತ್ತು ಇಡೀ ಆಸ್ಪತ್ರೆ, ಪಕ್ಕದ ಶಾಲೆ, ಗೇಟಿನಾಚೆಯ ಎರಡು ಅಂಗಡಿ, ಎಲ್ಲ ಕಡೆಗೂ ಇಲ್ಲಿಂದಲೇ ದಿನಕ್ಕೆ ಮುನ್ನೂರು ಬ್ರೆಡ್ಡು ಹೋಗುತ್ತದೆ. ಇದುವರೆಗೆ ಒಂದು ಬೆರಳೂ ಕುಯ್ದಿಲ್ಲ.

ಎಲ್ಲವೂ ಸುಸೂತ್ರವಾಗಿತ್ತು ಎಂದು ನಾನು ಸುಳ್ಳು ಬರೆಯುವುದಿಲ್ಲ. ಬ್ರೆಡ್ಡಕ್ಕನ ಎಡಗೈಯಲ್ಲಿ ಮೊಣಕೈವರೆಗೆ ಸುಟ್ಟ ಕಲೆಯಿದೆ. ಎರಡನೆಯ ವರ್ಷ ಒಬ್ಬ ಹುಡುಗ, ಮಾತ್ರೆಯನ್ನು ನುಂಗದೆ ಕದ್ದು ಉಗಿಯುತ್ತಿದ್ದವನು, ಒಲೆಯಿಂದ ತೆಗೆದ ಟಿನ್ನನ್ನು ಇವರ ಮೇಲೆ ಎಸೆದ. ಬೇಕರಿ ಮುಚ್ಚಿ ಎಂದು ಎಲ್ಲರೂ ಕೂಗಿದರು. ಬ್ರೆಡ್ಡಕ್ಕ ಬ್ಯಾಂಡೇಜು ಸುತ್ತಿಕೊಂಡೇ ಬಂದು ಒಲೆ ಹಚ್ಚಿದರು. ಆ ಹುಡುಗನಿಗೆ ಏನು ಶಿಕ್ಷೆ ಕೊಟ್ಟಿರಿ ಎಂದು ಕೇಳಿದರೆ ನನ್ನನ್ನೇ ದುರುಗುಟ್ಟಿ ನೋಡುತ್ತಾರೆ.

"ಯಾರಿಗೆ ಕೊಡ್ಲಿ? ಕೈ ಅವನದ್ದು, ಬುದ್ಧಿ ಅವನದ್ದಾಗಿರ್ಲಿಲ್ಲ. ಮಾತ್ರೆ ಸರಿಯಾಗಿ ಕೊಡ್ರಪ್ಪ, ಬಾಯಿ ತೆರೆಸಿ ನೋಡ್ರಪ್ಪ ಅಂತ ನರ್ಸುಗಳಿಗೆ ಬೈದೆ."

ಹಾಗಂತ ಇವರು ಬೆಣ್ಣೆಯಂಥವರೆಂದು ತಿಳಿಯಬೇಡಿ. ಇನ್ನೊಬ್ಬ ಸಕ್ಕರೆ ಕದ್ದು ಸಿಕ್ಕಿಬಿದ್ದು, ನಾನು ಹುಚ್ಚ, ನನಗೇನು ಮಾಡ್ತೀಯ ಎಂದು ಹಲ್ಲು ಕಿರಿದನಂತೆ. ಅವನ ಕೈಯಲ್ಲಿ ತಿಂಗಳು ಪೂರ್ತಿ ಟಿನ್ನು ತೊಳೆಸಿದರು. "ಕದಿಯುವಾಗ ಬಾಗಿಲ ಕಡೆ ನೋಡ್ಕೊಂಡು ಕದ್ದಿದ್ಯಲ್ಲ, ಅಷ್ಟು ಬುದ್ಧಿ ಇರೋನಿಗೆ ತೊಳೆಯೋ ಬುದ್ಧೀನೂ ಇರತ್ತೆ ಅಂದೆ."

ಇದೇ ಈ ಬೇಕರಿಯ ಕಾನೂನು. ಗೊತ್ತಿದ್ದು ಕೆಡಿಸಿದವನು ಅವತ್ತಿನ ಟಿನ್ನುಗಳನ್ನೆಲ್ಲ ಒಬ್ಬನೇ ತೊಳೆಯಬೇಕು. ಕೆಟ್ಟ ಬ್ರೆಡ್ಡಿನ ಮೊದಲ ಚೂರನ್ನು ಅವನೇ ತಿನ್ನಬೇಕು. ಮಾತ್ರೆಯ ದೆಸೆಯಿಂದ ಕೈ ನಡುಗಿ ಚೆಲ್ಲಿದರೆ, ಮಂಪರಿನಲ್ಲಿ ಸೀಯಿಸಿದರೆ, ಶಿಕ್ಷೆ ಇಲ್ಲ. ಮರುದಿನ ಅದೇ ಕೆಲಸವನ್ನು ಬ್ರೆಡ್ಡಕ್ಕನ ಪಕ್ಕದಲ್ಲಿ ನಿಂತು ಮಾಡಬೇಕು. ಕೈ ನೆಟ್ಟಗಾಗುವವರೆಗೆ ಅವರು ಪಕ್ಕ ಬಿಡುವುದಿಲ್ಲ. ಇಷ್ಟು ಸರಳವಾದ ವಿಚಾರ ದೊಡ್ಡ ದೊಡ್ಡವರ ತಲೆಗೆ ಯಾಕೆ ಇಳಿಯುವುದಿಲ್ಲವೋ!

ಗೇಟಿನ ಕಾವಲುಗಾರನ ತಲೆಗಂತೂ ಇಳಿದಿಲ್ಲ. ದಪ್ಪ ಮೀಸೆಯ ಈ ಮನುಷ್ಯ ದಿನಾ ಬೆಳಗ್ಗೆ ಬಿಸಿ ಬ್ರೆಡ್ಡು ತಿನ್ನಲು ಬೇಕರಿಯ ಬಾಗಿಲಿಗೆ ಬರುತ್ತಾನೆ, ತಿನ್ನುತ್ತಲೇ ಜಗಳ ತೆಗೆಯುತ್ತಾನೆ. ಕೊಂದವನು ಕೊಂದವನೇ ಎಂಬುದು ಅವನ ವಾದ. ಅದನ್ನು ಸುಮ್ಮನೆ ತಳ್ಳಿಹಾಕುವ ಹಾಗೂ ಇಲ್ಲ.

"ಸತ್ತೋನಿಗೆ, ಕೊಂದೋನು ಹುಚ್ಚನಾದ್ರೇನು ಜಾಣನಾದ್ರೇನು ಅಕ್ಕ? ಅವನ ಜೀವ ಹೋಯ್ತು ತಾನೆ?"

"ಸತ್ತೋನಿಗೆ ಏನೂ ವ್ಯತ್ಯಾಸ ಇಲ್ಲಪ್ಪ," ಎನ್ನುತ್ತಾರೆ ಬ್ರೆಡ್ಡಕ್ಕ. "ಆದ್ರೆ ಶಿಕ್ಷೆ ಕೊಡೋನು ಸತ್ತೋನಲ್ವಲ್ಲ. ನಾವು. ನಮಗೆ ವ್ಯತ್ಯಾಸ ಗೊತ್ತಾಗ್ಬೇಕು. ಇಲ್ದಿದ್ರೆ ಕೊಂದ ದಿನ ಅವನಿಗೆ ಇರ್ಲಿಲ್ಲವಲ್ಲ ಬುದ್ಧಿ, ಅದು ನಮಗೂ ಇಲ್ಲ ಅಂತಾಯ್ತು."

ಕಾವಲುಗಾರ ಇನ್ನೊಂದು ತುಂಡು ಕೇಳುತ್ತಾನೆ. ಕೊಲೆಗಾರರ ಕೈಯ ಬ್ರೆಡ್ಡು ನಿನ್ನ ಗಂಟಲಲ್ಲಿ ಇಳಿಯುತ್ತಾ ಎಂದು ಇವರು ಚುಚ್ಚುತ್ತಾರೆ. ಬ್ರೆಡ್ಡು ಬೇರೆ ನ್ಯಾಯ ಬೇರೆ ಎನ್ನುತ್ತ ಅವನು ನುಂಗುತ್ತಾನೆ.

ಈಗ ಬೆಳಗಿನ ಉಪ್ಪಿಗೆ ಬರೋಣ. ಗಡಿಯಾರಪ್ಪ ಅದನ್ನು ಯಾಕೆ ಮಾಡಿದರೆಂದು ಬ್ರೆಡ್ಡಕ್ಕ ಕೇಳಲೇ ಇಲ್ಲ, ಅವರಾಗಿಯೇ ಹೇಳಿದರು. ಸಮಿತಿ ಕೂರುವ ದಿನವೇ ಬ್ರೆಡ್ಡು ಕೆಟ್ಟರೆ, ಇವನಿನ್ನೂ ಸರಿಯಾಗಿಲ್ಲ ಎಂದು ಬರೆದುಬಿಡುತ್ತಾರೆ, ಒಳಗೇ ಇರಬಹುದು ಎಂಬುದು ಅವರ ಲೆಕ್ಕ. ಅಕ್ಕನ ಕಣ್ಣು ಎದುರಿಸುವುದಕ್ಕಿಂತ ಈ ಬೀಗವೇ ವಾಸಿ ಎನಿಸಿತ್ತು.

"ಹುಚ್ಚು ಇದ್ದಷ್ಟು ದಿನ ನಾನು ಅಕ್ಕನ್ನ ಉಳಿಸಿದೋನು," ಎಂದರು, ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತ. "ಮಾತ್ರೆ ಹಿಡಿದು ತಲೆ ತಿಳಿಯಾದ ದಿನ ಗೊತ್ತಾಯ್ತು ಏನು ಮಾಡಿದೀನಿ ಅಂತ. ಕೋರ್ಟಲ್ಲಿ ಶಿಕ್ಷೆ ಇಲ್ಲ ಅಂದ್ರು. ಶುರುವಾಗಿದ್ದೇ ಆಮೇಲೆ."

ಬ್ರೆಡ್ಡಕ್ಕ ಸಮಾಧಾನದ ಮಾತು ಒಂದೂ ಆಡಲಿಲ್ಲ. ಹಾಕಿದ ಉಪ್ಪನ್ನು ಯಾರ ಕೈಯಿಂದಲೂ ತೆಗೆಯಲಾಗುವುದಿಲ್ಲ, ನಿಂತು ನೋಡಬೇಡಿ, ಉಪ್ಪಿಲ್ಲದ ಹಿಟ್ಟು ಅಷ್ಟೇ ಕಲಸಿ ಇದಕ್ಕೆ ಸೇರಿಸಿ ಎಂದು ಎಲ್ಲರನ್ನೂ ಓಡಿಸಿದರು. ನಾಲ್ವರೂ ಹೊಸ ಹಿಟ್ಟು ಕಲಸಿ, ಮುನಿಸಿಕೊಂಡ ಹಳೆಯದರ ಜೊತೆ ನಾದಿದರು. ನಾದಿ ನಾದಿ ಅಂಗಿ ಬೆನ್ನಿಗೆ ಅಂಟಿತು. ಹೊತ್ತೇರಿದ ಮೇಲೆ ತೊಟ್ಟಿಯ ಬಟ್ಟೆ ಮೆಲ್ಲಗೆ ಮೇಲೆದ್ದಿತು. ಅವತ್ತು ಎಲ್ಲ ಕಡೆಗೂ ಬ್ರೆಡ್ಡು ತಡವಾಗಿ ಹೋಯಿತು. ಹೋದದ್ದು ಎರಡರಷ್ಟು, ಎಲ್ಲವೂ ಚೆನ್ನಾಗಿತ್ತು. ಒಂದೇ ಒಂದು ಬ್ರೆಡ್ಡನ್ನು ಮಾತ್ರ ಬ್ರೆಡ್ಡಕ್ಕ ಆ ಕೆಟ್ಟ ಹಿಟ್ಟಿನಲ್ಲೇ ಬೇಯಿಸಿ, ಬಟ್ಟೆಯಲ್ಲಿ ಸುತ್ತಿಟ್ಟುಕೊಂಡರು. ಗಡಿಯಾರಪ್ಪ ಅದರ ಮೊದಲ ಚೂರು ತಿಂದು, ಬಾವಿಕಟ್ಟೆಯ ಹತ್ತಿರ ಟಿನ್ನುಗಳ ಗುಡ್ಡೆ ಹಾಕಿಕೊಂಡು ತೊಳೆಯಲು ಕೂತರು.

ಅವರ ಅಕ್ಕ ಬಂದದ್ದು ಆಗಲೇ. ಬೂದು ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಅಂಗಳದಾಚೆ ನಿಂತು, ಟಿನ್ನು ಉಜ್ಜುತ್ತಿದ್ದ ತಮ್ಮನನ್ನು ನೋಡುತ್ತಲೇ ಇದ್ದರು. ಹತ್ತಿರ ಹೋಗಲಿಲ್ಲ. ಬ್ರೆಡ್ಡಕ್ಕನನ್ನು ಕರೆದು, ಇಷ್ಟನ್ನೂ ಇವನೊಬ್ಬನೇ ಯಾಕೆ ತೊಳೆಯುತ್ತಿದ್ದಾನೆ ಎಂದು ಮಾತ್ರ ಕೇಳಿದರು. ಬ್ರೆಡ್ಡಕ್ಕ ಉಪ್ಪಿನ ಕಥೆಯನ್ನು ಒಂದೂ ಬಿಡದೆ ಹೇಳಿದರು.

ಸಮಿತಿ ಕೂತ ಕೋಣೆಯಲ್ಲಿ ಉದ್ದನೆಯ ಮೇಜು, ಕಿರುಗುಟ್ಟುವ ಫ್ಯಾನು. ಮೂಲೆಯ ಸ್ಟೂಲಿನಲ್ಲಿ ನನಗೂ ಜಾಗ ಸಿಕ್ಕಿತು. ನಿವೃತ್ತ ನ್ಯಾಯಾಧೀಶೆ ಕಡ್ಡಿ ಮುರಿದ ಹಾಗೆ ಮಾತಾಡುವವರು. ಹೊರಗೆ ಹೋಗುವ ಮನಸ್ಸಿದೆಯೇ ಎಂದು ಕೇಳಿದರು. ಗಡಿಯಾರಪ್ಪ ಇಲ್ಲ ಎಂದರು. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಕೆಲಸ ಕೆಟ್ಟಿತು ಎಂದುಕೊಂಡೆ.

ಕೆಲಸ ಮಾಡಿಸುವವರು ಏನು ಹೇಳುತ್ತೀರಿ ಎಂದು ಕೇಳಿದಾಗ ಬ್ರೆಡ್ಡಕ್ಕ ಎದ್ದು, ಬಟ್ಟೆ ಬಿಚ್ಚಿ ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಮುರಿದು ಇಬ್ಬರಿಗೂ ಕೊಟ್ಟರು. ನ್ಯಾಯಾಧೀಶೆ ಬಾಯಿಗಿಟ್ಟುಕೊಂಡು ನೀರಿನ ಲೋಟಕ್ಕೆ ಕೈ ಚಾಚಿದರು. ಇದು ಯಾತರ ಸಾಕ್ಷಿ ಎಂದು ಮುಖ ಹಿಂಡಿಕೊಂಡೇ ಕೇಳಿದರು.

"ಇದು ಇವನು ಇವತ್ತು ಬೆಳಗ್ಗೆ ಮಾಡಿದ ತಪ್ಪು ಮೇಡಂ. ಬೇಕೂಂತಲೇ ಮಾಡಿದ್ದು. ಕೇಳಿದ ತಕ್ಷಣ ನಾನೇ ಮಾಡ್ದೆ ಅಂತ ಒಪ್ಕೊಂಡ. ಟಿನ್ನು ತೊಳೆಸಿದೆ, ತೊಳೆದ. ಭಾವನ್ನ ಹೊಡೆದ ದಿನ ಇವನನ್ನ ಕೇಳಿದ್ರೆ ವಿಷ, ಗಡಿಯಾರ, ಏನೇನೋ ಹೇಳ್ತಿದ್ದ. ಇವತ್ತು ನಾನು ಅಂತಾನೆ. ತಪ್ಪು ಮಾಡಿ ನಾನು ಅನ್ನೋನಿಗೆ ಆಸ್ಪತ್ರೆ ಯಾಕೆ? ಉಪ್ಪಿಗೆ ಶಿಕ್ಷೆ ಆಯ್ತು. ಅದು ಸರಿ. ಇನ್ನೊಂದಕ್ಕೆ ಕೊಡೋಕೆ, ಅದನ್ನ ಮಾಡಿದೋನು ಇಲ್ಲಿ ಇಲ್ಲ. ನಿಮ್ಮ ಮಾತ್ರೆ ಅವನನ್ನ ಯಾವಾಗ್ಲೋ ಓಡಿಸಿದೆ."

ಡಾಕ್ಟರು ತಮ್ಮ ಅಳುಕನ್ನು ಮುಚ್ಚಿಡಲಿಲ್ಲ. ಇಷ್ಟೊಂದು ನೋವು ಹೊತ್ತ ಮನುಷ್ಯ ಹೊರಗೆ ಒಂಟಿಯಾದರೆ ತನಗೆ ತಾನೇ ಏನಾದರೂ ಮಾಡಿಕೊಂಡಾನು, ಮಾತ್ರೆ ಬಿಟ್ಟರೆ ಮತ್ತೆ ಮೊದಲಿನಂತಾದಾನು ಎಂದರು. ಸರಿಯಾದ ಮಾತು. ನ್ಯಾಯಾಧೀಶೆ ಅಕ್ಕನ ಕಡೆ ತಿರುಗಿದರು.

ಆಕೆ ಚೀಲವನ್ನು ತೊಡೆಯ ಮೇಲಿಂದ ಕೆಳಗಿಡದೆಯೇ ಮಾತಾಡಿದರು. ಶಿಕ್ಷೆ ಇಲ್ಲ ಎಂದು ಕೋರ್ಟು ಹೇಳಿದ ದಿನ ಆ ಕಟ್ಟಡಕ್ಕೇ ಶಾಪ ಹಾಕಿ ಬಂದಿದ್ದರಂತೆ. ತಮ್ಮ ತಪ್ಪಿಸಿಕೊಂಡ ಎಂದೇ ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದರಂತೆ. ಇವತ್ತೂ ಕರೆದುಕೊಂಡು ಹೋಗಲೆಂದು ಹೊರಟವರಲ್ಲ. ಮಾಡಿದ್ದು ಏನೆಂದು ಇವನಿಗೆ ಗೊತ್ತಿದೆಯೇ ಎಂದು ನೋಡಿಹೋಗಲು ಬಂದವರು.

"ತಪ್ಪಿಸ್ಕೊಳ್ಳೋನು ಹೊರಗೆ ಹೋಗೋಕೆ ದಾರಿ ಹುಡುಕ್ತಾನೆ. ಇವನು ಒಳಗಿರೋಕೆ ಉಪ್ಪು ಹಾಕಿದಾನೆ," ಎಂದರು. "ನನಗೆ ಅಷ್ಟು ಸಾಕು. ಮಾತ್ರೆ ನನ್ನ ಕೈಯಾರೆ ಕೊಡ್ತೀನಿ. ನಾನು ಕೊಡೋ ನೀರಲ್ಲೇ ನುಂಗ್ಲಿ."

ಕ್ಷಮಿಸಿದ್ದೀರಾ ಎಂದು ನ್ಯಾಯಾಧೀಶೆ ಕೇಳಿದರು.

"ಕ್ಷಮೆ ಗಿಮೆ ನನಗೆ ಗೊತ್ತಿಲ್ಲಮ್ಮ. ನನ್ನ ಮಗಳು ಜೊತೇಲಿ ಬಂದಿದಾಳೆ. ಗೇಟಿನಾಚೆ ಬಸ್‌ ಸ್ಟಾಪಲ್ಲಿ ಕೂತಿದಾಳೆ. ಮಾಮ ಬರೋದಾದ್ರೆ ಮೂರು ಸೀಟು ಹಿಡೀತೀನಿ, ಬೇಗ ಹೇಳಿ ಕಳಿಸು ಅಂದಿದಾಳೆ."

ಅಪ್ಪನನ್ನು ಕಳೆದುಕೊಂಡ ಮಗಳು. ಗಡಿಯಾರಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು. ನ್ಯಾಯಾಧೀಶೆ ಡಾಕ್ಟರ ಕಡೆ ನೋಡಿದರು. ಡಾಕ್ಟರು ಕನ್ನಡಕ ಹಾಕಿಕೊಂಡು, ಪ್ರತಿ ತಿಂಗಳು ತಪ್ಪದೆ ಬಂದು ತೋರಿಸಬೇಕು ಎಂದರು. ಸೀಟು ಹಿಡಿಯಲು ಹೇಳಿ ಕಳಿಸಿ ಎಂದರು ನ್ಯಾಯಾಧೀಶೆ.

ಸುದ್ದಿ ಅವರಿಗಿಂತ ಮೊದಲೇ ವಾರ್ಡು ಮುಟ್ಟಿತ್ತು. ಒಳಗಿದ್ದವರು ಟಿನ್ನುಗಳನ್ನು ಬಡಿದ ಸದ್ದು ಇಡೀ ಆಸ್ಪತ್ರೆಗೆ ಕೇಳಿಸಿತು. ತಾವು ಉಜ್ಜಿ ಬೆಳಗಿದ ಟಿನ್ನುಗಳೆಲ್ಲ ನೆಗ್ಗುತ್ತವೆ ಎಂದು ಗಡಿಯಾರಪ್ಪ ಗದರಿದರು. ಯಾರೂ ಕೇಳಲಿಲ್ಲ.

ಗೇಟಿನಲ್ಲಿ ಕಾವಲುಗಾರ ನಿಯಮದಂತೆ ಗಡಿಯಾರಪ್ಪನ ಚೀಲ ತಡಕಿ, ಬ್ರೆಡ್ಡಕ್ಕ ಅದರಲ್ಲಿ ಹಾಕಿಕೊಟ್ಟಿದ್ದ ಉಳಿದ ಉಪ್ಪಿನ ಬ್ರೆಡ್ಡನ್ನು ಹೊರತೆಗೆದ. ಅಭ್ಯಾಸದಂತೆ ತುಂಡು ಮುರಿದು ಬಾಯಿಗೆ ಹಾಕಿಕೊಂಡ. ಅವನ ಮೀಸೆಯೇ ಸೊಟ್ಟಗಾಯಿತು.

"ಯಾವನಯ್ಯ ಇದನ್ನ ಮಾಡಿದ್ದು? ಅವನಿಗೆ ಮಾತ್ರ ಶಿಕ್ಷೆ ಆಗ್ಲೇಬೇಕು."

"ಆಯ್ತು ಸಾರ್," ಎಂದರು ಗಡಿಯಾರಪ್ಪ. "ಟಿನ್ನು ತೊಳ್ದೆ."

ಕಾವಲುಗಾರ ಅವರನ್ನೂ ಅಕ್ಕನನ್ನೂ ಒಮ್ಮೆ ನೋಡಿದ. ಈ ವಾರ್ಡಿನಿಂದ ಹೋಗುವವರು ತಲೆ ತಗ್ಗಿಸಿ, ಗೇಟಿನ ಪಕ್ಕದ ಸಣ್ಣ ಬಾಗಿಲಿನಲ್ಲಿ ನುಸುಳಿ ಹೋಗುವುದು ವಾಡಿಕೆ. ಅವನು ಸಣ್ಣ ಬಾಗಿಲಿನ ಬೀಗ ಮುಟ್ಟಲಿಲ್ಲ. ಗೊಣಗುತ್ತಲೇ ಹೋಗಿ, ಗಾಡಿ ಬಂದಾಗ ಮಾತ್ರ ತೆರೆಯುವ ದೊಡ್ಡ ಗೇಟಿನ ಎರಡೂ ಕದಗಳನ್ನು ಎಳೆದು ತೆರೆದ. ರಸ್ತೆಯಾಚೆ, ನಿಂತ ಬಸ್ಸಿನ ಕಿಟಕಿಯಿಂದ ಹುಡುಗಿಯೊಬ್ಬಳು ಕೈ ಹೊರಗೆ ಚಾಚಿ ಬೀಸುತ್ತಿದ್ದಳು.

ಬ್ರೆಡ್ಡಕ್ಕ ಬಸ್ಸು ಹೊರಡುವವರೆಗೆ ನಿಲ್ಲಲಿಲ್ಲ, ಒಲೆಯ ಬೂದಿ ತೆಗೆಯಬೇಕಿತ್ತು. ಈ ಬೇಕರಿಯಿಂದ ಹೀಗೆ ಹೊರಗೆ ಹೋದವರಲ್ಲಿ ಒಬ್ಬರೂ ಮತ್ತೆ ಆ ಬೀಗದೊಳಗೆ ಬಂದಿಲ್ಲ. ಯಾವ ಸನ್ಮಾನದ ಪಟ್ಟಿಯಲ್ಲೂ ಬ್ರೆಡ್ಡಕ್ಕನ ಹೆಸರಿಲ್ಲ. ಶಾಲು ಹೊದಿಸುವವರಿಗೆ ಈ ಗೇಟಿನ ವಿಳಾಸವೇ ಗೊತ್ತಿಲ್ಲ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಬೂದಿಯ ಬಾನಿಯನ್ನು ಸೊಂಟಕ್ಕೇರಿಸಿಕೊಂಡು ಸ್ವಲ್ಪ ಯೋಚಿಸಿದರು.

"ಕೆಲಸ ಕಲಿತೋರೆಲ್ಲ ಒಬ್ಬೊಬ್ಬರಾಗಿ ನನ್ನ ಬಿಟ್ಟು ಹೋಗ್ಬೇಕು. ಕೊನೆಗೆ ನಾನೊಬ್ಬಳೇ ಈ ಹಿಟ್ಟು ನಾದ್ತಾ, ಸಹಾಯಕ್ಕೆ ಒಂದು ನರಪಿಳ್ಳೇನೂ ಇಲ್ವಲ್ಲ ಅಂತ ಎಲ್ಲರನ್ನೂ ಬೈಕೊಂಡು ಕೂರ್ಬೇಕು. ಅಷ್ಟೇ ನೋಡಿ," ಎಂದವರು, ಒಳಗೆ ತಿರುಗಿ, ನಾಳೆ ಉಪ್ಪು ಯಾರದ್ದು ಎಂದು ಕೂಗಿದರು.